ಹತ್ತೊಂಬತ್ತಕ್ಕೇ ಅಜ್ಜಿ

ಬರ್ನ್ಲಿಯಲ್ಲಿ ಒಂದು ಮಂಗಳವಾರ
ಅಜ್ಜಿ ಪಾತ್ರದವಳು ನ್ಯುಮೋನಿಯಾ ಹಿಡಿದು ಮಲಗಿದಳು.
ಮ್ಯಾನೇಜರು ಚೆಂದದವರನ್ನೆಲ್ಲ ದಾಟಿ ಬಂದು
ಡಾರ್ಕಸ್ ಹೆಬ್ಡನ್ನಳ ಗಲ್ಲ ಹಿಡಿದು ದೀಪಕ್ಕೆ ತಿರುಗಿಸಿದ:
'ಇದಕ್ಕೆ ಸುಕ್ಕು ಒಪ್ಪುತ್ತೆ.'

ಸುಟ್ಟ ಬಿರಡೆಯ ಮಸಿಯಲ್ಲಿ ಹಣೆಗೆ ಮೂರು ಗೆರೆ,
ತಲೆಗೆ ಹಿಟ್ಟು, ಎದುರಿನೆರಡು ಹಲ್ಲಿಗೆ ಕಪ್ಪು ಮೇಣ.
ಆ ರಾತ್ರಿ ಅವಳು ಕೆಮ್ಮಿದ ಕೆಮ್ಮಿಗೆ
ಗ್ಯಾಲರಿಯ ಗಿರಣಿ ಹೆಂಗಸರು
ಕಿತ್ತಳೆ ಸುಲಿಯುವುದನ್ನು ಮರೆತರು.

ಅಷ್ಟೆ. ಆಮೇಲೆ ಯಾರೂ
ಅವಳ ವಯಸ್ಸನ್ನು ವಾಪಸು ಕೊಡಲಿಲ್ಲ.

ಭಾನುವಾರದ ರೈಲು,
ನಟರೂ ಮೀನೂ ಒಟ್ಟಿಗೇ ಊರು ಬದಲಿಸುವ ದಿನ.
ಕ್ರೂ ಜಂಕ್ಷನ್ನಿನ ಚಳಿಯಲ್ಲಿ ಒಂದು ಕಂಪನಿಯ ರಾಜ
ಇನ್ನೊಂದು ಕಂಪನಿಯ ಭಿಕ್ಷುಕನಲ್ಲಿ ಬೆಂಕಿಕಡ್ಡಿ ಬೇಡುವಾಗ
ಅವಳು ತಗಡಿನ ಪೆಟ್ಟಿಗೆಯ ಮೇಲೆ ಕೂತು
ಕಾಲುಚೀಲ ಹೊಲಿಯುತ್ತಿದ್ದಳು.
ಅಡುಗೆಯವಳು, ಸೂಲಗಿತ್ತಿ, ಮಾತಿನಮಲ್ಲಿ,
ನಾಯಕಿಯ ಗುಟ್ಟು ಬಲ್ಲ ದಾದಿ.
ನಾಯಕಿಯರು ಮದುವೆಯಾಗಿ ಹೋದರು, ಹೊಸಬರು ಬಂದರು;
ದಾದಿ ಅವಳೇ.

ಸಂಡರ್‌ಲೆಂಡಿನಲ್ಲಿ, ತನಗಿಂತ ಒಂಬತ್ತು ವರ್ಷ ದೊಡ್ಡವನ
ತಲೆ ಸವರಿ 'ಮಗೂ' ಎಂದಳು.
ಪರದೆ ಬಿದ್ದ ಮೇಲೆ ಅವನು ಮುತ್ತು ಕೇಳಿದ.
ಕೊಟ್ಟಳೋ ಇಲ್ಲವೋ. ಆ ಊರಿನ ಹೆಸರೆತ್ತಿದರೆ
ಬಣ್ಣ ಒರೆಸುತ್ತಿದ್ದ ಕೈ ಅರ್ಧ ಮುಖದಲ್ಲೇ ನಿಲ್ಲುತ್ತಿತ್ತು.

ಐವತ್ತರ ಹೊತ್ತಿಗೆ ಸುಕ್ಕು ಸ್ವಂತದ್ದಾಯಿತು.
ಆಗ ಕರೆ ಬಂತು, ಥೇಮ್ಸ್ ದಡದ ಗಾಜಿನ ಶೆಡ್ಡಿಗೆ,
ದಿನಕ್ಕೆ ಏಳು ಶಿಲಿಂಗು ಆರು ಪೆನ್ಸು.
ಕ್ಯಾಮೆರಾಕ್ಕೆ ಕೆಂಪೆಂದರೆ ಕಪ್ಪಂತೆ, ಮುಖಕ್ಕೆ ಹಳದಿ ಬಳಿದರು.
ಮರದ ಮೆಟ್ಟಿನ ಸದ್ದು ಮೀರಿ
ಕೊನೇ ಸಾಲು ಮುಟ್ಟುತ್ತಿದ್ದ ಆ ದನಿ ಮಾತ್ರ ಬೇಡ:
'ಬಾಯಾಡಿಸಿ, ಸಾಕು.'

ಆಡಿಸಿದಳು. ಮೊಮ್ಮಗುವಿನ ಶವಪೆಟ್ಟಿಗೆಯ ಮುಂದೆ ಮಂಡಿಯೂರಿ,
ಕೆನ್ನೆ ತುಂಬ ನಿಜದ ನೀರು, ಬಾಯಲ್ಲಿ:
'ಏಳೂವರೆಯಲ್ಲಿ ಎರಡು ರೈಲಿಗೇ ಹೋಯ್ತು,
ಈ ಬೂಟು ಪ್ರಾಣ ಹಿಂಡ್ತಿದೆ,
ಊಟಕ್ಕೆ ಬಿಡ್ತಾನೋ ಇಲ್ವೋ ಈ ಮೂಳ.'
ಬ್ರಾಡ್‌ಫರ್ಡ್ ಇಡೀ ಬಿಕ್ಕಳಿಸಿತು.

ಲೀಡ್ಸಿನಿಂದ ಒಂದು ಕಾಗದ ಬಂತು.
ಕೋಟಿನ ಕಾರ್ಖಾನೆಯಲ್ಲಿ ಗುಂಡಿಮನೆ ಹೊಲಿಯುವ
ಮಾರ್ಗರಿ ಊತ್‌ವೇಟ್:
'ಕೆಂಜ್ವರದಲ್ಲಿ ಕಿವಿ ಹೋದವಳು ನಾನು, ತುಟಿ ಓದುತ್ತೇನೆ.
ಎಲ್ಲರೂ ಅತ್ತರು, ನಾನೊಬ್ಬಳೇ ನಕ್ಕೆ, ಪಕ್ಕದವನು ಬೈದ.
ಬೂಟಿನ ಒಳಗೆ ಮೇಣದಬತ್ತಿ ಉಜ್ಜಿ ನೋಡಿ.'

ಉಜ್ಜಿದಳು.
ಅಂದಿನಿಂದ ಇಡೀ ಇಂಗ್ಲೆಂಡಿಗೆ ಮುಖ,
ಮಾತು ಲೀಡ್ಸಿನ ಅಗ್ಗದ ಬೆಂಚಿಗೆ.
'ಮಾರ್ಗರಿ, ಈ ಚಹಾಬಟ್ಟಲು ಖಾಲಿ.'
'ಮಾರ್ಗರಿ, ಇವನ ಮೀಸೆ ಅಂಟಿಸಿದ್ದು.'
ಹೆಬ್ಬಾತು ಅಟ್ಟಿಸಿಕೊಂಡು ಬಂದಾಗ, ಲಂಗ ಎತ್ತಿ ಓಡುತ್ತ:
'ಮಾರ್ಗರಿ, ನನ್ನಕ್ಕ ಗುರುವಾರ ತೀರಿಕೊಂಡಳು.'
ಸಭೆ ಹೊಟ್ಟೆ ಹಿಡಿದು ನಗುವಾಗ
ಒಬ್ಬಳು ಎದ್ದು ಟೋಪಿಯ ಪಿನ್ನು ಸರಿಮಾಡುತ್ತ ಹೊರನಡೆದಳು.

ಇಬ್ಬರೂ ಭೇಟಿಯಾಗಲಿಲ್ಲ. ರೈಲಿನ ದುಡ್ಡು, ನಾಚಿಕೆ,
ಏನೋ ಒಂದು.

ಮಾತಿನ ಚಿತ್ರ ಬಂತು. ಅರುವತ್ತೆಂಟು.
ಕಟ್ಟಿಸಿದ ಹಲ್ಲಿನ ಕಟಕಟ ಮೈಕಿಗೆ ಬಿತ್ತು.
'ಚಹಾ ತರಲೇ, ಅಮ್ಮಾವರೇ?' ಅವಳಿಗೆ ಅಷ್ಟೇ,
ಅದೂ ಯಾರೋ ಬರೆದುಕೊಟ್ಟದ್ದು.
ಮಾರ್ಗರಿ ಒಮ್ಮೆ ಹೋಗಿ ನೋಡಿದಳು. ಮತ್ತೆ ಹೋಗಲಿಲ್ಲ.

ಸುರುಳಿಗಳನ್ನು ಬೆಳ್ಳಿಗಾಗಿ ಕುದಿಸಿದರು.
ಉಳಿದದ್ದು ನಾಲ್ಕು ನಿಮಿಷ, ನನ್ನ ಮೇಜಿನ ಮೇಲೆ,
ಹತ್ತಿಯಲ್ಲಿ ಒರೆಸಿ ಒರೆಸಿ ನಿಧಾನ ತಿರುಗಿಸುತ್ತೇನೆ.
ಅಗಸಗಿತ್ತಿ ಹಗ್ಗಕ್ಕೆ ಬಟ್ಟೆ ಹರವುತ್ತಿದ್ದಾಳೆ,
ತಟ್ಟನೆ ಇತ್ತ ನೋಡುತ್ತಾಳೆ.
ತುಟಿ ಎರಡೂ ಕೂಡುತ್ತವೆ; ಅದು 'ಮ',
ಯಾವ ಭಾಷೆಯಲ್ಲೂ ಅಷ್ಟೇ, ಅಷ್ಟು ನನಗೂ ಗೊತ್ತು.
ಆಮೇಲೆ ಗಾಳಿ ಎದ್ದು
ಒದ್ದೆ ಹಾಸೊಂದು ಅಡ್ಡ ಬರುತ್ತದೆ.